ಖಾಲಿ ಉಳಿದ ಒಂದು ಮನೆ: ಬೇಡುವುದು, ನೆನೆಯುವುದು ಮತ್ತು ನಾಲ್ಕು ಪ್ರಾರ್ಥನಾ ಪರಂಪರೆಗಳು

ಕೆಲವು ವರ್ಷಗಳ ಹಿಂದೆ ಈ ತೌಲನಿಕ ಕೆಲಸಕ್ಕೆ ಕೈಹಾಕಿದಾಗ ಮೊದಲು ಒಂದು ಕೋಷ್ಟಕ ಬರೆದುಕೊಂಡೆ. ಮೇಲಿನ ಸಾಲಿನಲ್ಲಿ ಯೆಹೂದಿ, ಕ್ರೈಸ್ತ, ಇಸ್ಲಾಂ, ಹೋಡೆನೊಶೋನಿ. ಎಡಗಡೆ ಉದ್ದಕ್ಕೆ ಪ್ರಶ್ನೆಗಳು. ದಿನಕ್ಕೆ ಎಷ್ಟು ಹೊತ್ತು? ಯಾವ ದಿಕ್ಕಿಗೆ ಮುಖ? ನಿಂತೋ, ಕೂತೋ? ಏನು ಬೇಡುತ್ತಾರೆ? ಮೊದಲ ಮೂರು ಕಂಬಗಳು ಬೇಗ ತುಂಬಿದವು. ನಾಲ್ಕನೆಯದರಲ್ಲಿ ‘ಏನು ಬೇಡುತ್ತಾರೆ’ ಎಂಬುದರ ಎದುರಿನ ಮನೆ ಮಾತ್ರ ಖಾಲಿ ಉಳಿಯಿತು. ಓದಿದಷ್ಟೂ ಖಾಲಿ. ನಾನು ಕೇಳುತ್ತಿದ್ದ ಪ್ರಶ್ನೆ ಅವರದಲ್ಲ ಎಂದು ಹೊಳೆಯಲು ಬಹಳ ದಿನ ಹಿಡಿಯಿತು. ಹೊಳೆದ ಮೇಲೆ, ಭರ್ತಿಯಾಗಿದ್ದ ಉಳಿದ ಮೂರು ಮನೆಗಳನ್ನೂ ಅಳಿಸಿ ಮತ್ತೆ ಓದಬೇಕಾಯಿತು. ಈ ಟಿಪ್ಪಣಿ ಆ ಮರುಓದಿನದು.

ಹೋಡೆನೊಶೋನಿಗಳನ್ನೇ ಏಕೆ ಆರಿಸಿದೆ ಎಂಬುದನ್ನು ಹೇಳಬೇಕು. ಧರ್ಮಗಳನ್ನು ಹೋಲಿಸುವ ಪುಸ್ತಕಗಳು ‘ಮೂಲನಿವಾಸಿ ಆಧ್ಯಾತ್ಮಿಕತೆ’ ಎಂಬ ಒಂದೇ ತಲೆಬರಹ ಕೊಟ್ಟು ಕೆಲವು ಪುಟಗಳಲ್ಲಿ ಮುಗಿಸಿಬಿಡುವುದುಂಟು. ಲಕೋಟ ಜನರ ಬೆವರುಮನೆಯನ್ನೂ ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಪೂಜಿಸುವ ದೊಡ್ಡಸಂಪಿಗೆ ಮರವನ್ನೂ ಒಂದೇ ಚೀಲಕ್ಕೆ ತುಂಬಲಾಗದು. ಆದ್ದರಿಂದ ಒಂದೇ ಜನಸಮುದಾಯವನ್ನು ಹಿಡಿದುಕೊಂಡೆ. ಹೋಡೆನೊಶೋನಿ ಎಂದರೆ ಹಳೆಯ ಪುಸ್ತಕಗಳು ಇರೊಕ್ವಾ ಎಂದು ಕರೆಯುವ ಒಕ್ಕೂಟ. ಮೊಹಾಕ್, ಒನೈಡಾ, ಒನೊಂಡಾಗ, ಕಯೂಗ, ಸೆನೆಕ ಎಂಬ ಐದು ನಾಡುಗಳಿಗೆ 1722ರಲ್ಲಿ ಟಸ್ಕರೋರ ಸೇರಿ ಆರಾದವು. ಇಂದಿನ ನ್ಯೂಯಾರ್ಕ್ ರಾಜ್ಯ, ಒಂಟಾರಿಯೊ, ಕ್ವಿಬೆಕ್‌ಗಳಲ್ಲಿ ಅವರ ಊರುಗಳಿವೆ.

ಮೊದಲು ಪದಗಳ ವಿಚಾರ. ನಮ್ಮ ‘ಪ್ರಾರ್ಥನೆ’ಯ ಬುಡದಲ್ಲೇ ಕೋರಿಕೆಯಿದೆ, ಅರ್ಥಿ ಎಂದರೆ ಬೇಡುವವನು. ಇಂಗ್ಲಿಷಿನ ‘ಪ್ರೇಯರ್’ ಕೂಡ ಬೇಡಿಕೊಳ್ಳುವುದು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದದ್ದು. ಈ ಎರಡು ಪದಗಳ ಕನ್ನಡಕ ಹಾಕಿಕೊಂಡು ನೋಡಿದರೆ ಜಗತ್ತಿನಲ್ಲಿ ಯಾರು ದೇವರ ಮುಂದೆ ನಿಂತರೂ ಏನನ್ನೋ ಕೇಳಲು ಬಂದವರಂತೆಯೇ ಕಾಣುತ್ತಾರೆ. ಮಿಕ್ಕ ಭಾಷೆಗಳ ಪದಗಳು ಬೇರೆ ಮಾತು ಹೇಳುತ್ತವೆ. ಹೀಬ್ರೂವಿನ ‘ತೆಫಿಲ್ಲಾ’ದ ಧಾತುವಿಗೆ ತೀರ್ಪು ಕೊಡುವ, ನಡುವೆ ನಿಂತು ವಾದಿಸುವ ಅರ್ಥಗಳಿವೆ. ಅರಬ್ಬಿಯಲ್ಲಿ ‘ಸಲಾತ್’ ಬೇರೆ, ‘ದುಆ’ ಬೇರೆ: ಮೊದಲನೆಯದು ಹೊತ್ತಿಗೆ ಸರಿಯಾಗಿ ಸಲ್ಲಿಸಬೇಕಾದ ಕರ್ತವ್ಯ, ಎರಡನೆಯದು ಅಂಗೈ ಎತ್ತಿ ಕರೆಯುವ ಮೊರೆ. ನಾವು ಇವೆರಡನ್ನೂ ‘ಪ್ರಾರ್ಥನೆ’ ಎಂದು ಅನುವಾದಿಸಿ ಕಲಸಿಬಿಡುತ್ತೇವೆ. ಇನ್ನು ಕನ್ನಡದಲ್ಲಿ ದಿನವೂ ಬಳಸುವ ‘ನಮಾಜ್’ ಪಾರಸಿಯಿಂದ ಬಂದ ಮಾತು. ಅದೂ ಸಂಸ್ಕೃತದ ‘ನಮಸ್’ ಕೂಡ ಬಾಗುವುದು ಎಂಬ ಒಂದೇ ಇಂಡೋ-ಇರಾನಿಯನ್ ಬೇರಿನವು. ನಮಸ್ಕಾರ, ನಮಾಜ್ ಎರಡೂ ದಾಯಾದಿ ಪದಗಳೆಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಾಗಬೇಕು.

ಯೆಹೂದಿ ಪರಂಪರೆಯ ದಿನದ ಮೂರು ಪ್ರಾರ್ಥನೆಗಳ ತಿರುಳು ‘ಅಮಿದಾ’. ಹೆಸರಿನ ಅರ್ಥವೇ ನಿಲ್ಲುವುದು. ಮೂರು ಹೆಜ್ಜೆ ಹಿಂದೆ ಸರಿದು, ಮೂರು ಹೆಜ್ಜೆ ಮುಂದೆ ಬಂದು, ಅರಸನ ಸನ್ನಿಧಿಯಲ್ಲಿ ನಿಲ್ಲುವಂತೆ ಎರಡೂ ಪಾದ ಜೋಡಿಸಿ, ಜೆರುಸಲೇಮಿನ ಕಡೆ ಮುಖ ಮಾಡಿ ನಿಲ್ಲುತ್ತಾರೆ. ತುಟಿ ಆಡುತ್ತದೆ, ದನಿ ಪಕ್ಕದವರಿಗೆ ಕೇಳದು. ಮಗುವಿಗಾಗಿ ಮೊರೆಯಿಟ್ಟ ಹನ್ನಳನ್ನು ಕುಡಿದವಳೆಂದು ಪುರೋಹಿತ ಏಲಿ ತಪ್ಪು ತಿಳಿದ ಪ್ರಸಂಗ ಬೈಬಲ್ಲಿನಲ್ಲಿದೆಯಲ್ಲ, ಅವಳ ಆ ತುಟಿಯಾಟವನ್ನೇ ಯೆಹೂದಿ ಧರ್ಮಶಾಸ್ತ್ರ ಗ್ರಂಥ ತಾಲ್ಮುದ್ ಮಾದರಿಯಾಗಿ ಎತ್ತಿಹಿಡಿಯಿತು. ವಾರದ ದಿನಗಳಲ್ಲಿ ಇದರಲ್ಲಿ 19 ಖಂಡಗಳು: ಮೊದಲ ಮೂರು ಸ್ತುತಿ, ಕೊನೆಯ ಮೂರು ಕೃತಜ್ಞತೆಯ ಕಡೆಗಿನವು, ನಡುವಿನ 13 ಬೇಡಿಕೆಗಳು. ವಿವೇಕ, ಕ್ಷಮೆ, ಆರೋಗ್ಯ, ಒಳ್ಳೆಯ ಬೆಳೆ ಎಲ್ಲವೂ ಅಲ್ಲಿವೆ.

ಶಬ್ಬಾತ್ ಬಂದರೆ ಆ 13 ಖಂಡಗಳು ಪೂರ್ತಿಯಾಗಿ ಬಿದ್ದುಹೋಗುತ್ತವೆ. ಅವುಗಳ ಜಾಗಕ್ಕೆ ಆ ದಿನದ ಪಾವಿತ್ರ್ಯವನ್ನು ಕುರಿತ ಒಂದೇ ಖಂಡ ಬಂದು, ಒಟ್ಟು ಏಳು ಉಳಿಯುತ್ತವೆ. ವಿಶ್ರಾಂತಿಯ ದಿನ ಜನರಿಗೆ ಹೊರೆಯಾಗಬಾರದು ಎಂಬುದು ತಾಲ್ಮುದ್ ಕೊಡುವ ಕಾರಣ. ಅಂದು ತನ್ನ ಕೊರತೆಗಳನ್ನು ಎಣಿಸುತ್ತ ಕೂರಬಾರದು ಎಂಬುದು ಮುಂದಿನವರು ಕೊಟ್ಟ ವಿವರಣೆ. ಕೋರಿಕೆಯ ಮಾತು ಆ ದಿನ ಒಂದೂ ಇಲ್ಲವೆಂದಲ್ಲ. ಆದರೆ ಅಗತ್ಯಗಳ ಪಟ್ಟಿಯೇ ಇಲ್ಲದ ಪ್ರಾರ್ಥನೆಯನ್ನು ಈ ಪರಂಪರೆ ವಾರದ ಅತಿ ಪವಿತ್ರ ದಿನಕ್ಕೆ ಮೀಸಲಿಟ್ಟಿದೆ. ಬೇಡಿಕೆಗೆ ಗಡಿಯೂ ಇದೆ. ನಡೆದುಹೋದದ್ದನ್ನು ಬದಲಿಸು ಎಂದು ಕೇಳುವುದು ವ್ಯರ್ಥ ಪ್ರಾರ್ಥನೆ ಎನ್ನುತ್ತದೆ ತಾಲ್ಮುದಿನ ಮೂಲಪಠ್ಯವಾದ ಮಿಶ್ನಾ. ಊರಿಗೆ ಮರಳುವವನು ದೂರದಿಂದ ಗೋಳಾಟ ಕೇಳಿ, ಅದು ತನ್ನ ಮನೆಯದಾಗದಿರಲಿ ಎಂದು ಹಾರೈಸುವುದನ್ನು ಅದು ಉದಾಹರಣೆಯಾಗಿ ಕೊಡುತ್ತದೆ. ಗೋಳು ಆಗಲೇ ಯಾರದೋ ಮನೆಯದು. ಇಷ್ಟು ಕಟ್ಟುನಿಟ್ಟಾದ ಮಾತು ಮಿಕ್ಕ ಮೂರು ಪರಂಪರೆಗಳಲ್ಲಿ ನನಗೆ ಸಿಕ್ಕಿಲ್ಲ.

ಸಲಾತ್‌ನಲ್ಲಿ ಬೇಡಿಕೆ ಇನ್ನಷ್ಟು ಕಿರಿದು. ದಿನದ ಐದು ಕಡ್ಡಾಯ ನಮಾಜುಗಳಲ್ಲಿ 2, 4, 4, 3, 4 ಹೀಗೆ ಒಟ್ಟು 17 ರಕಾತ್, ಅಂದರೆ ನಿಂತು ಓದಿ, ಬಾಗಿ, ಹಣೆ ನೆಲಕ್ಕಿಡುವ ಸುತ್ತುಗಳು. ಪ್ರತಿಯೊಂದರಲ್ಲೂ ಕುರ್‌ಆನಿನ ಮೊದಲ ಅಧ್ಯಾಯ ಫಾತಿಹಾ ಬರುತ್ತದೆ. ಇಮಾಮರ ಹಿಂದೆ ನಿಂತವರೂ ಅದನ್ನು ಓದಬೇಕು ಎನ್ನುತ್ತದೆ ಶಾಫಿ ಪಂಥ. ಇಮಾಮರ ಓದೇ ಎಲ್ಲರದೂ ಎನ್ನುತ್ತದೆ ಹನಫಿ. ಭಟ್ಕಳದ ನವಾಯತರು, ಕರಾವಳಿಯ ಬ್ಯಾರಿಗಳು ಶಾಫಿಗಳು; ಘಟ್ಟದ ಮೇಲೆ ಹನಫಿಗಳೇ ಹೆಚ್ಚು. ಫಾತಿಹಾದ ಏಳು ವಾಕ್ಯಗಳಲ್ಲಿ ಸ್ತುತಿ ಇದೆ, ನೆರವಿಗೆ ನೀನೇ ಗತಿ ಎಂಬ ಒಪ್ಪಿಗೆ ಇದೆ, ಕೊನೆಗೆ ಕೇಳುವುದು ನೇರವಾದ ದಾರಿಯನ್ನು. ಅನ್ನವಿಲ್ಲ, ಆರೋಗ್ಯವಿಲ್ಲ, ಮಳೆಯಿಲ್ಲ. ಅವಕ್ಕೆ ದುಆ ಇದೆ. ಮಳೆಗೆಂದೇ ಪ್ರತ್ಯೇಕ ನಮಾಜ್ ಇದೆ. ದಿನದಿನದ ಸಲಾತ್ ಮಾಡುವ ಕೆಲಸ ದೇಹವನ್ನು ಬಾಗಿಸುವುದು: ಹಣೆ, ಎರಡು ಅಂಗೈ, ಎರಡು ಮಂಡಿ, ಎರಡು ಪಾದಗಳ ಬೆರಳು, ಹೀಗೆ ಏಳು ಅಂಗ ನೆಲಕ್ಕೆ ತಾಗಬೇಕು. ಕುರ್‌ಆನಿನ 24ನೆಯ ಅಧ್ಯಾಯದಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿಗಳ ಪ್ರಸ್ತಾಪ ಬರುತ್ತದೆ. ಅವಕ್ಕೂ ತಮ್ಮ ತಮ್ಮ ಸಲಾತ್ ಗೊತ್ತಿದೆ ಎಂಬುದು ಅಲ್ಲಿನ ಭಾವ. ಹಕ್ಕಿಯ ಹಾರಾಟಕ್ಕೂ ಒಪ್ಪುವ ಪದವನ್ನು ನಾವು ‘ಬೇಡಿಕೆ’ಗೆ ಇಳಿಸಿದ್ದೇವೆ.

ಬೇಡುವುದನ್ನು ಮುಚ್ಚುಮರೆಯಿಲ್ಲದೆ ಸಮರ್ಥಿಸುವವರು ಕ್ರೈಸ್ತರು, ಮತ್ತು ಅದನ್ನು ಗೌರವದಿಂದಲೇ ಹೇಳುತ್ತೇನೆ. ಯೇಸು ಕಲಿಸಿದ ಪ್ರಾರ್ಥನೆ ಮತ್ತಾಯ 6 ಮತ್ತು ಲೂಕ 11ರಲ್ಲಿ ಎರಡು ರೂಪದಲ್ಲಿದೆ. ಕಥೋಲಿಕರ ಎಣಿಕೆಯಲ್ಲಿ ಅದು ಏಳು ಬಿನ್ನಹಗಳು, ಅಂದಂದಿನ ರೊಟ್ಟಿಯೂ ಸೇರಿ. ನಿಮಗೇನು ಬೇಕೆಂದು ಕೇಳುವ ಮೊದಲೇ ತಂದೆಗೆ ಗೊತ್ತು ಎನ್ನುವ ಮತ್ತಾಯನೇ ಮರುಕ್ಷಣ ಕೇಳಲು ಕಲಿಸುತ್ತಾನೆ. ಲೂಕನಲ್ಲಂತೂ ಪ್ರಾರ್ಥನೆಯ ಬೆನ್ನಿಗೇ, ನಡುರಾತ್ರಿ ಗೆಳೆಯನ ಬಾಗಿಲು ತಟ್ಟಿ ರೊಟ್ಟಿ ಕೇಳುವವನ ಕಥೆ. ದೇವರಿಗೆ ಗೊತ್ತಿದ್ದ ಮೇಲೆ ಕೇಳುವುದೇಕೆ ಎಂಬ ಪ್ರಶ್ನೆಗೆ ಸಂತ ಅಗಸ್ಟೀನ್ ಪ್ರೋಬಾ ಎಂಬ ವಿಧವೆಗೆ ಬರೆದ ದೀರ್ಘ ಪತ್ರದಲ್ಲಿ ಉತ್ತರಿಸಿದ: ಕೇಳಿಕೆಯಿಂದ ನಮ್ಮ ಹಂಬಲ ಹಿಗ್ಗುತ್ತದೆ, ಕೊಡುವುದನ್ನು ಹಿಡಿಯುವಷ್ಟು ಪಾತ್ರೆ ದೊಡ್ಡದಾಗುತ್ತದೆ. ಆದರೂ ಈ ಧರ್ಮದ ನಡುಮನೆಯ ವಿಧಿಯ ಹೆಸರು ಯೂಕರಿಸ್ಟ್, ಗ್ರೀಕಿನಲ್ಲಿ ಕೃತಜ್ಞತೆ. ಕ್ರಿ.ಶ. 325ರ ನಿಕೇಯ ಮಹಾಸಭೆಯ ಕೊನೆಯ, 20ನೆಯ ನಿಯಮವನ್ನೂ ಗಮನಿಸಬೇಕು: ಭಾನುವಾರಗಳಂದು ಮಂಡಿಯೂರದೆ ನಿಂತೇ ಪ್ರಾರ್ಥಿಸತಕ್ಕದ್ದು. ಯೆಹೂದಿಗಳು ಪವಿತ್ರ ದಿನದಂದು ಬಾಯಿಂದ ಬೇಡಿಕೆಯನ್ನು ಇಳಿಸಿದರೆ, ಈ ನಿಯಮ ದೇಹದಿಂದ ದೈನ್ಯದ ಭಂಗಿಯನ್ನು ಇಳಿಸಿತು ಎಂದು ನಾನು ಓದಿಕೊಂಡಿದ್ದೇನೆ.

ಈಗ ಖಾಲಿ ಮನೆಗೆ ಬರುತ್ತೇನೆ. ಹೋಡೆನೊಶೋನಿಗಳ ಸಭೆಯಿರಲಿ, ಹಬ್ಬವಿರಲಿ, ಉದ್ದಮನೆ ಎಂಬ ಸಮುದಾಯ ಭವನದ ಆಚರಣೆಯಿರಲಿ, ಮೊದಲು ಒಬ್ಬ ವಕ್ತಾರ ಎದ್ದು ನಿಲ್ಲುತ್ತಾನೆ. ಅವನು ನುಡಿಯುವುದಕ್ಕೆ ಮೊಹಾಕ್ ಭಾಷೆಯಲ್ಲಿ ಒಹೆಂತೊನ್ ಕರಿಹ್ವತೆಹ್ಕ್ವೆನ್ ಎಂದು ಹೆಸರು. ಎಲ್ಲಕ್ಕಿಂತ ಮೊದಲ ಮಾತು ಎಂದು ಅರ್ಥ. ಸೆನೆಕರು ಗನೋನ್ಯೋಕ್ ಎನ್ನುತ್ತಾರೆ. ನುಡಿ ಸೇರಿದ ಜನರಿಂದ ಶುರುವಾಗುತ್ತದೆ. ಮುಂದೆ ಭೂಮಿತಾಯಿ, ನೀರು, ಮೀನು, ಗಿಡಗಳು, ಮುಸುಕಿನ ಜೋಳ–ಹುರುಳಿಕಾಯಿ–ಕುಂಬಳ ಎಂಬ ಮೂವರು ಅಕ್ಕತಂಗಿಯರು, ಮದ್ದಿನ ಬೇರುಗಳು, ಮೃಗಗಳು, ಮರಗಳು, ಹಕ್ಕಿಗಳು, ನಾಲ್ಕು ಗಾಳಿ, ಮಳೆ ತರುವ ಗುಡುಗಜ್ಜಂದಿರು, ಅಣ್ಣ ಸೂರ್ಯ, ಅಜ್ಜಿ ಚಂದ್ರ, ಚುಕ್ಕಿಗಳು, ಕೊನೆಗೆ ಸೃಷ್ಟಿಕರ್ತ. ಒಂದೊಂದನ್ನು ಮುಗಿಸಿದಾಗಲೂ ಎಲ್ಲರ ಮನಸ್ಸು ಈಗ ಒಂದಾಯಿತೆಂಬ ಅರ್ಥದ ಮಾತು ಬರುತ್ತದೆ, ಕೂತವರು ಹೂಂಗುಟ್ಟುತ್ತಾರೆ. ಆ ಹೂಂಕಾರವಿಲ್ಲದೆ ವಕ್ತಾರ ಮುಂದಕ್ಕೆ ಹೋಗುವುದಿಲ್ಲ. ಅನುಕ್ರಮ ಹೆಚ್ಚೂಕಡಿಮೆ ಬದಲಾಗದು, ಮಾತುಗಳು ಆಯಾ ವಕ್ತಾರನವು. ಸಮಯ ಕಡಿಮೆಯಿದ್ದರೆ ಕೆಲವೇ ನಿಮಿಷ, ಇಲ್ಲವಾದರೆ ಗಂಟೆಗೂ ಹೆಚ್ಚು. ವಿದ್ವಾಂಸ ಮೈಕೆಲ್ ಫಾಸ್ಟರ್ ಈ ನುಡಿಗಳನ್ನು ಕುರಿತ 1974ರ ತಮ್ಮ ಅಧ್ಯಯನಕ್ಕೆ ನೆಲದಿಂದ ಆಕಾಶದಾಚೆಗೆ ಎಂಬರ್ಥದ ಹೆಸರಿಟ್ಟದ್ದು ಈ ಏರಿಕೆಯನ್ನು ನೋಡಿಯೇ. ಯೆಹೂದಿಗೆ ಜೆರುಸಲೇಮ್, ಹಳೆಯ ಕ್ರೈಸ್ತರಿಗೆ ಪೂರ್ವ, ಮುಸ್ಲಿಮರಿಗೆ 624ರಿಂದ ಮಕ್ಕಾ ಹೇಗೆ ದಿಕ್ಕೋ, ಇಲ್ಲಿ ಮಾತಿನ ಏರಿಕೆಯೇ ದಿಕ್ಕು.

ಇದರಲ್ಲಿ ಕೊಡು ಎಂಬ ಕೇಳಿಕೆ ಕಾಣುವುದಿಲ್ಲ. ನದಿಗಳು ಇನ್ನೂ ಹರಿಯುತ್ತಿವೆ, ಅದನ್ನು ಕಂಡಿದ್ದೇವೆ ಎಂಬ ಧಾಟಿಯಿದೆ. ಹಾಗಾದರೆ ಇದು ನಿಸರ್ಗಪೂಜೆಯೇ? ಮಿಷನರಿಗಳು ಹಾಗೆ ತಿಳಿದದ್ದುಂಟು. ರೊಟ್ಟಿ ಮುರಿಯುವ ಯೆಹೂದಿ ರೊಟ್ಟಿಗೆ ವಂದಿಸುವುದಿಲ್ಲ, ಅದನ್ನು ನೆಲದಿಂದ ತೆಗೆದ ದೇವರನ್ನು ಕೊಂಡಾಡುತ್ತಾನೆ. ನೀರಿಗೇ ವಂದಿಸುವುದು ಮೂರೂ ಏಕದೇವ ಧರ್ಮಗಳಿಗೆ ಒಪ್ಪದ ಮಾತು. ಇಲ್ಲಿ ನನಗೆ ಬೆಳಕು ಕೊಟ್ಟದ್ದು ಸೆನೆಕ ಭಾಷೆಯ ವಿದ್ವಾಂಸ ವಾಲೆಸ್ ಚೇಫ್ 1961ರಲ್ಲಿ ಪ್ರಕಟಿಸಿದ ಪಠ್ಯಸಂಗ್ರಹ. ಈ ನುಡಿಯ ಕೇಂದ್ರದಲ್ಲಿರುವ ಕ್ರಿಯಾಪದಕ್ಕೆ ಇಂಗ್ಲಿಷಿನಲ್ಲಿ ಸರಿಸಮನಾದ ಪದವಿಲ್ಲ ಎಂದು ಅವರು ಗುರುತಿಸಿದರು. ಧನ್ಯವಾದ ಹೇಳುವುದು, ಎದುರಾದವರಿಗೆ ವಂದಿಸುವುದು, ಒಂದು ವಸ್ತು ಇದೆಯಲ್ಲ ಎಂದು ಹಿಗ್ಗುವುದು, ಮೂರೂ ಅದರೊಳಗಿವೆ. ನೀರು ಇರುವುದಕ್ಕೆ ಹಿಗ್ಗುವವನನ್ನು ನೀರಿನ ಭಕ್ತನೆನ್ನಲು ಬರುವುದಿಲ್ಲ. ಇದೇ ತೊಡಕು ಕ್ರೈಸ್ತರೊಳಗೂ ಒಮ್ಮೆ ಎದ್ದಿತ್ತು. ಅಸಿಸಿಯ ಫ್ರಾನ್ಸಿಸ್ ಕಣ್ಣು ಮಂಜಾದ ಕಾಲದಲ್ಲಿ, 1225ರ ಸುಮಾರಿಗೆ, ಅಂಬ್ರಿಯಾದ ಆಡುಮಾತಿನಲ್ಲಿ ಕಟ್ಟಿದ ಸೃಷ್ಟಿಗೀತೆಯಲ್ಲಿ ಸೂರ್ಯ ಅಣ್ಣ, ಚಂದ್ರ ಅಕ್ಕ. ಅಲ್ಲಿ ಬರುವ ‘ಪೆರ್’ ಎಂಬ ಚಿಕ್ಕ ಅವ್ಯಯಕ್ಕೆ ಅವರಿಗಾಗಿ ಸ್ತುತಿ, ಅವರ ಮೂಲಕ ಸ್ತುತಿ, ಅವರಿಂದ ಸ್ತುತಿ ಎಂದು ಮೂರು ಬಗೆಯ ಅರ್ಥ ಹೇಳುತ್ತ ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ.

ಎರಡು ತಿದ್ದುಪಡಿಗಳನ್ನು ನನಗೇ ಹೇಳಿಕೊಳ್ಳಬೇಕು. ಹೋಡೆನೊಶೋನಿಗಳು ಬೇಡುವುದೇ ಇಲ್ಲವೆಂದು ಬರೆದರೆ ಸುಳ್ಳಾದೀತು. ತಂಬಾಕಿನ ಎಲೆಯನ್ನು ಬೆಂಕಿಗೆ ಹಾಕಿ, ಹೊಗೆಯ ಜೊತೆ ಮಾತನ್ನು ಮೇಲಕ್ಕೆ ಕಳಿಸುವ ವಿಧಿಯಲ್ಲಿ ವಂದನೆಯ ಜೊತೆಗೆ ಮೊರೆಯೂ ಇದೆ. ಸಲಾತ್‌ಗೂ ದುಆಗೂ ನಡುವಿನ ಗೆರೆಯನ್ನೇ ಇವರೂ ಬೇರೆ ರೀತಿಯಲ್ಲಿ ಎಳೆದಿದ್ದಾರೆ. ಇನ್ನೊಂದು: ಇದು ಕಾಲದ ಸೋಂಕಿಲ್ಲದ ಪರಂಪರೆಯಲ್ಲ. 1779ರಲ್ಲಿ ಅಮೆರಿಕದ ಸೇನೆ ಊರು, ಬೆಳೆ, ತೋಟಗಳನ್ನು ಸುಟ್ಟ ಮೇಲೆ ಕುಸಿದಿದ್ದ ಸಮಾಜದಲ್ಲಿ, 1799ರಲ್ಲಿ ಹ್ಯಾಂಡ್ಸಮ್ ಲೇಕ್ ಎಂಬ ಸೆನೆಕ ಹಿರಿಯನಿಗೆ ದರ್ಶನಗಳಾದವು. ಅವನ ಬೋಧನೆಯ ಸುತ್ತ ಉದ್ದಮನೆಯ ಧರ್ಮ ಮತ್ತೆ ಕಟ್ಟಿಕೊಂಡಿತು. ಅವನಿಗೆ ಕಾಣಿಸಿದ ನಾಲ್ವರು ದೂತರು ಸೆನೆಕರ ಗನೋನ್ಯೋಕ್‌ನಲ್ಲಿ ಚುಕ್ಕಿಗಳ ಬಳಿಕ ಜಾಗ ಪಡೆದರು. ಅದೇ ಜನರಲ್ಲಿ ಕ್ರೈಸ್ತರೂ ಇದ್ದಾರೆ. 1680ರಲ್ಲಿ ತೀರಿಕೊಂಡ ಮೊಹಾಕ್ ಯುವತಿ ಕತೇರಿ ಟೆಕಕ್ವಿತಾಳನ್ನು ರೋಮ್ 2012ರಲ್ಲಿ ಸಂತಳೆಂದು ಘೋಷಿಸಿತು. 1924ರಲ್ಲಿ ಕೆನಡಾ ಸರ್ಕಾರ ಗ್ರ್ಯಾಂಡ್ ನದಿಯ ದಂಡೆಯ ಹೋಡೆನೊಶೋನಿಗಳ ಪಾರಂಪರಿಕ ಸಭೆಯನ್ನು ಬದಿಗೊತ್ತಿ ಚುನಾಯಿತ ಮಂಡಳಿಯನ್ನು ಹೇರಿತು. ಪಾರಂಪರಿಕ ಸಭೆ ಇಂದಿಗೂ ಸೇರುತ್ತದೆ.

ಕೊನೆಯದಾಗಿ ಅನುವಾದದ ಮಾತು. ಈ ನುಡಿಗೆ ಕನ್ನಡದಲ್ಲಿ ಏನೆನ್ನೋಣ? ‘ಪ್ರಾರ್ಥನೆ’ ಸಲ್ಲದು. ‘ವಂದನೆ’ ಹತ್ತಿರ ಬರುತ್ತದೆ. ಎದುರಾದವರಿಗೆ ಸಲ್ಲಿಸುವುದೂ ಉಪಕಾರಕ್ಕೆ ಸಲ್ಲಿಸುವುದೂ ನಮ್ಮಲ್ಲಿ ಒಂದೇ ಪದ, ಚೇಫ್‌ಗೆ ಇಂಗ್ಲಿಷಿನಲ್ಲಿ ಸಿಗದ ಸವಲತ್ತು ಇದು. ಆದರೆ ಇರುವುದಕ್ಕೆ ಹಿಗ್ಗುವ ಮೂರನೆಯ ಅರ್ಥ ಅದರಲ್ಲಿಲ್ಲ. ಅದಕ್ಕೆ ನನಗೆ ಸಿಕ್ಕ ಪದ ‘ನೆನೆ’. ಬೆಳಗಿನ ಜಾವ ಎದ್ದ ಹೆಣ್ಣುಮಗಳು ನಮ್ಮ ತ್ರಿಪದಿಯಲ್ಲಿ ಮೊದಲು ನೆನೆಯುವುದು ಭೂಮಿತಾಯಿಯನ್ನು, ಅಲ್ಲೂ ಬೇಡಿಕೆಯಿಲ್ಲ. ಕೃತಜ್ಞತೆಗೆ ನಾವು ಉಪಕಾರಸ್ಮರಣೆ ಎನ್ನುತ್ತೇವೆ. ಅರಬ್ಬಿಯ ಜಿಕ್ರ್, ಹೀಬ್ರೂವಿನ ಜಖೋರ್, ಯೂಕರಿಸ್ಟಿನ ಸ್ಮರಣೆ, ಎಲ್ಲವೂ ನೆನೆಯುವುದೇ. ವ್ಯತ್ಯಾಸವಿರುವುದು ನೆನೆಯುವುದು ಏನನ್ನು ಎಂಬಲ್ಲಿ: ಈಜಿಪ್ಟಿನಿಂದ ಬಿಡುಗಡೆ, ದೇವರ ಹೆಸರು, ಯೇಸುವಿನ ಕೊನೆಯ ಊಟ ಒಂದು ಕಡೆ, ಕಣ್ಣೆದುರೇ ಹರಿಯುತ್ತಿರುವ ನೀರು ಇನ್ನೊಂದು ಕಡೆ. ನನ್ನ ಕೋಷ್ಟಕದಲ್ಲಿ ‘ಏನು ಬೇಡುತ್ತಾರೆ’ ಎಂಬುದನ್ನು ಹೊಡೆದು ‘ಯಾರನ್ನು, ಏನನ್ನು ನೆನೆಯುತ್ತಾರೆ’ ಎಂದು ಬರೆದಿದ್ದೇನೆ. ನಾಲ್ಕನೆಯ ಮನೆಯಲ್ಲಿ ಈಗ ಜಾಗ ಸಾಲದು.

ನಮ್ಮ ಊರಿನ ಯಾವ ಸಭೆಯಲ್ಲೂ ಪ್ರಾರ್ಥನೆ ಮೊದಲು, ವಂದನಾರ್ಪಣೆ ಕೊನೆಗೆ. ಹೋಡೆನೊಶೋನಿಗಳ ಸಭೆ ವಂದನಾರ್ಪಣೆಯಿಂದಲೇ ಶುರುವಾಗುತ್ತದೆ. ನಮ್ಮಲ್ಲಿ ವಂದಿಸುವವರು ಯಾರನ್ನಾದರೂ ಮರೆತಿದ್ದರೆ ಕ್ಷಮಿಸಿ ಎನ್ನುತ್ತಾರೆ. ಅಲ್ಲಿನ ವಕ್ತಾರನೂ ಯಾವುದನ್ನೂ ಬಿಡುವ ಉದ್ದೇಶ ತನಗಿರಲಿಲ್ಲ ಎಂದು ಹೇಳಿ, ತಾನು ಮರೆತವರಿಗೆ ಸಲ್ಲಬೇಕಾದ ವಂದನೆಯನ್ನು ಕೂತಿರುವ ಒಬ್ಬೊಬ್ಬರಿಗೂ ಬಿಟ್ಟುಕೊಡುತ್ತಾನೆ.