ಚಮಚ ಮತ್ತು ಮೇಣದಬತ್ತಿ

ಬಸುರಿಯ ಕಾಲು ಬಾತರೆ, "ಇದ್ದದ್ದೇ ಬಿಡೆ, ಹೆತ್ತ ಮೇಲೆ ಇಳೀತದೆ" ಎನ್ನುವುದು ನಮ್ಮ ಹೊನ್ನಾವರ, ಕುಮಟಾ ಕಡೆಯ ಹಿರಿಯ ಹೆಂಗಸರ ಸಮಾಧಾನ. ಎಷ್ಟೋ ಸಲ ಅದು ನಿಜವೂ ಹೌದು. ನನ್ನ ಚಿಕ್ಕಮ್ಮನ ವಿಷಯದಲ್ಲಿ ಹಾಗಾಗಲಿಲ್ಲ. ನಾನು ಹುಟ್ಟುವ ಮೊದಲಿನ ಮಾತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳ ಮುಖ, ಕೈಕಾಲು ಬಾತವಂತೆ. ಒಂದು ರಾತ್ರಿ ಮೈ ಸೆಟೆದು ಫಿಟ್ಸ್ ಬಂತು, ಬೆಳಗಾಗುವುದರೊಳಗೆ ಹೋಗಿಬಿಟ್ಟಳು. ಗಾಳಿ ಸೋಂಕು ಎಂದರು ಮನೆಯವರು.

ಆ 'ಸೋಂಕಿ'ಗೆ ಒಂದು ಇತಿಹಾಸವಿದೆ. ಮೂತ್ರಪಿಂಡ ಸೋಸುವ ಜಾಲರಿಯಿದ್ದಂತೆ. ರಕ್ತದ ಪ್ರೋಟೀನನ್ನು ಅದು ಹೊರಬಿಡಬಾರದು. ಬಿಟ್ಟರೆ, ಬಿಸಿಗೆ ಮೊಟ್ಟೆಯ ಬಿಳಿ ಗಟ್ಟಿಯಾಗುವಂತೆ ಕಾಯಿಸಿದ ಮೂತ್ರವೂ ಒಡೆದು ಬೆಳ್ಳಗಾಗುತ್ತದೆ. ಹಾಲೆಂಡಿನ ವೈದ್ಯ ಡೆಕ್ಕರ್ಸ್ 1694ರಲ್ಲೇ ಇದನ್ನು ಗಮನಿಸಿದ್ದ. 1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್, ಮೈ ಬಾತವರಲ್ಲಿ ಕಾಣುವ ಈ ಲಕ್ಷಣಕ್ಕೂ ಕೆಟ್ಟ ಮೂತ್ರಪಿಂಡಕ್ಕೂ ಇರುವ ನಂಟನ್ನು ತೋರಿಸಿದ. ಈ ಪರೀಕ್ಷೆಗೆ ಒಂದು ಚಮಚ, ಒಂದು ಮೇಣದಬತ್ತಿ ಸಾಕಾಗಿತ್ತು. 1843ರಲ್ಲಿ ಅದೇ ಆಸ್ಪತ್ರೆಯ ಜಾನ್ ಲಿವರ್, ಫಿಟ್ಸ್ ಬಂದ ಬಸುರಿಯರ ಮೂತ್ರದಲ್ಲೂ ಪ್ರೋಟೀನನ್ನು ಕಂಡ. ಚಿಕ್ಕಮ್ಮ ತೀರಿಕೊಳ್ಳುವ ಹೊತ್ತಿಗೆ ಈ ಅರಿವಿಗೆ ನೂರು ವರ್ಷ ದಾಟಿತ್ತು. ನಮ್ಮ ಮನೆಯ ಬಾಗಿಲಿಗೆ ಮಾತ್ರ ಅದು ಬಂದಿರಲಿಲ್ಲ.

1957ರಲ್ಲಿ ಅಮೆರಿಕದಲ್ಲಿ ಕಾಗದದ ಪಟ್ಟಿ ಬಂದ ಮೇಲೆ ಕಾಯಿಸುವ ಕೆಲಸವೂ ತಪ್ಪಿತು. ಅದ್ದಿದ ಹಳದಿ ಪಟ್ಟಿ ಹಸಿರಿಗೆ ತಿರುಗಿದರೆ ಪ್ರೋಟೀನು ಇದೆಯೆಂದು ಅರ್ಥ.

ನಮ್ಮ ಕರಾವಳಿಯವರಿಗೆ ಇದು ಬರಿಯ ಪರೀಕ್ಷೆಯಲ್ಲ, ಕೈಗೆ ಸಿಗುವ ಸಮಯ. ಹೆರಿಗೆ ಬಿಗಡಾಯಿಸಿದರೆ ಮಣಿಪಾಲವೇ ಗತಿ: ಭಟ್ಕಳದಿಂದ ಸುಮಾರು 90 ಕಿಲೋಮೀಟರು, ಕುಮಟಾದಿಂದ ಸುಮಾರು 150. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ದೊಡ್ಡ ಆಸ್ಪತ್ರೆ ಬೇಕೆಂದು ಜಿಲ್ಲೆಯೆಲ್ಲ ದನಿಯೆತ್ತಿತು. ಆ ಬೇಡಿಕೆ ನ್ಯಾಯವಾದದ್ದು. ಆದರೆ ನಂಜು ಏರುವ ಮೊದಲೇ ತಿಳಿದರೆ, ನಡುರಾತ್ರಿ ಓಡುವ ಬದಲು ಹಗಲಲ್ಲೇ ನಿಧಾನವಾಗಿ ಹೊರಡಬಹುದಲ್ಲ!

ಪ್ರೋಟೀನು ಕಾಣದೆಯೂ ಗರ್ಭನಂಜು ಏರಬಹುದು; ಆದ್ದರಿಂದ ರಕ್ತದೊತ್ತಡ ನೋಡಿಸುವುದೂ ಅಷ್ಟೇ ಮುಖ್ಯ. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತಿದೆ. ಆ ಪುಟ್ಟ ಬಾಟಲಿ ಕೈಯಲ್ಲಿ ಹಿಡಿಯಲು ನಾಚುವ ಸೊಸೆಯಂದಿರು ಈಗಲೂ ಇದ್ದಾರೆ. ಅತ್ತೆಯರೇ, ನೀವೇ ಜೊತೆಗೆ ಹೋಗಿ. ಬೇಕಿದ್ದರೆ ಬಾಟಲಿಯನ್ನು ನಿಮ್ಮ ಚೀಲದಲ್ಲಿ ಇಟ್ಟುಕೊಳ್ಳಿ.