ಸೂರಿನ ನೀರಿಗೆ ದೋಣಿ: ಆಯ್ಕೆ ಮತ್ತು ಜೋಡಣೆ

ಇಳಿಜಾರು ಮಾಡಿನ ಅಂಚಿನಿಂದ ಸುರಿಯುವ ಮಳೆನೀರು ಒಂದೇ ಸಾಲಿನಲ್ಲಿ ಸತತವಾಗಿ ಬಿದ್ದರೆ ತಳಪಾಯದ ಪಕ್ಕದ ಮಣ್ಣು ಕೊರೆದುಹೋಗುತ್ತದೆ, ಗೋಡೆಯ ಬುಡಕ್ಕೆ ತೇವ ಏರುತ್ತದೆ. ಇದನ್ನು ತಡೆಯಲು ಸೂರಿನ ಉದ್ದಕ್ಕೂ ಕಟ್ಟುವ ಕಾಲುವೆಯೇ ದೋಣಿ. ಕರಾವಳಿಯಲ್ಲಿ ಅಡಿಕೆ ಮರವನ್ನು ಸೀಳಿ, ತಿರುಳು ತೆಗೆದು ಮಾಡುವ ದಂಬೆ ಇದರ ಹಳೆಯ ರೂಪ.

ಅಳತೆ: ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಗಂಟೆಗೆ 100 ಮಿ.ಮೀ. ವೇಗದ ಮಳೆಯಲ್ಲಿ 50 ಚದರ ಮೀಟರ್ ಮಾಡಿನಿಂದ ನಿಮಿಷಕ್ಕೆ ಸುಮಾರು 83 ಲೀಟರ್ ನೀರು ಇಳಿಯುತ್ತದೆ. ಆದುದರಿಂದ ದೋಣಿಯ ಗಾತ್ರವನ್ನು ವಾರ್ಷಿಕ ಮಳೆಯಿಂದಲ್ಲ, ಬಿರುಮಳೆಯ ರಭಸದಿಂದ ನಿರ್ಧರಿಸಬೇಕು. ಇಷ್ಟು ಮಾಡಿಗೆ ಆರು ಇಂಚಿನ ಅರ್ಧವೃತ್ತಾಕಾರದ ದೋಣಿ, ನಾಲ್ಕು ಇಂಚಿನ ಇಳಿಕೊಳವೆ ಸಾಮಾನ್ಯವಾಗಿ ಸಾಕಾಗುತ್ತದೆ.

ವಸ್ತು: ಜಿ.ಐ. ತಗಡು ಗಟ್ಟಿ, ಆದರೆ ಕಡಲ ತೀರದ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಪಿವಿಸಿಗೆ ತುಕ್ಕಿನ ಭಯವಿಲ್ಲ. ಬಿಸಿಲು ತಾಳುವಂತೆ ತಯಾರಿಸಿದ್ದನ್ನೇ ಕೊಳ್ಳಬೇಕು, ಇಲ್ಲವಾದರೆ ವರ್ಷಗಳು ಕಳೆದಂತೆ ಪೆಡಸಾಗಿ ಒಡೆಯುತ್ತದೆ. ಅಲ್ಯೂಮಿನಿಯಂ ಹಗುರ, ಬಾಳಿಕೆ ಹೆಚ್ಚು, ಬೆಲೆಯೂ ಹೆಚ್ಚು.

ಜೋಡಣೆ: ಇಳಿಕೊಳವೆಯ ಕಡೆಗೆ ಪ್ರತಿ ಮೂರು ಮೀಟರಿಗೆ ಸುಮಾರು 15 ಮಿ.ಮೀ. ಇಳಿಜಾರು ಕೊಡಬೇಕು. ನೀರು ತುಂಬಿದ ದೋಣಿ ಬಹಳ ಭಾರ. ಎರಡು ಅಡಿಗೊಂದು ಆಧಾರಪಟ್ಟಿ ಇಲ್ಲದಿದ್ದರೆ ನಡುವೆ ಜೋತುಬಿದ್ದು ನೀರು ನಿಲ್ಲುತ್ತದೆ. ಹೆಂಚಿನ ತುದಿ ದೋಣಿಯೊಳಕ್ಕೆ ಎರಡು ಇಂಚಿನಷ್ಟು ಚಾಚಿರಲಿ. ಹೊರ ಅಂಚು ಒಳ ಅಂಚಿಗಿಂತ ತುಸು ತಗ್ಗಿರಲಿ. ಆಗ ನೀರು ಉಕ್ಕಿದರೂ ಗೋಡೆಯತ್ತ ಹರಿಯದೆ ಅಂಗಳಕ್ಕೆ ಬೀಳುತ್ತದೆ. ಕೆಲಸ ಮುಗಿದೊಡನೆ ದೋಣಿಯ ಎತ್ತರದ ತುದಿಯಲ್ಲಿ ಎರಡು ಬಕೆಟ್ ನೀರು ಸುರಿದು ಪರೀಕ್ಷಿಸಿ, ಅನಂತರವೇ ಏಣಿ ಇಳಿಸುವುದು ಕ್ಷೇಮ.

ನೀರಿನ ದಾರಿ: ಇಳಿಕೊಳವೆಯ ಕೊನೆ ಎಲ್ಲಿಗೆ ಎಂಬುದನ್ನು ದೋಣಿ ಕೊಳ್ಳುವ ಮೊದಲೇ ತೀರ್ಮಾನಿಸಬೇಕು. ಗೋಡೆಯ ಬುಡದಲ್ಲೇ ಬಿಟ್ಟರೆ ಮಾಡಿದ ವೆಚ್ಚವೆಲ್ಲ ವ್ಯರ್ಥ. ಬೆಂಗಳೂರಿನಲ್ಲಿ 2009ರ ಕಾಯ್ದೆ ತಿದ್ದುಪಡಿ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿತು. ತೊಟ್ಟಿಗೆ ಬಿಡುವುದಾದರೆ ಮೊದಲ ಮಳೆಯ ಕೊಳೆನೀರನ್ನು ಹೊರಗೆ ಹರಿಸಲು ಪ್ರತ್ಯೇಕ ಕವಾಟ ಹಾಗೂ ಸೋಸುಜಾಲರಿ ಅವಶ್ಯ.

ಮುಂಗಾರಿಗೆ ಮುನ್ನ ಒಮ್ಮೆ, ಮಳೆಗಾಲದ ನಡುವೆ ಮತ್ತೊಮ್ಮೆ ತರಗೆಲೆ ತೆಗೆಯಬೇಕು. ಕಸ ಕಟ್ಟಿದ ದೋಣಿಯಲ್ಲಿ ನಿಂತ ನೀರು ಸೊಳ್ಳೆಗಳಿಗೆ ತೊಟ್ಟಿಲಾಗುತ್ತದೆ.