ನೋಡುವ ಹುಡುಗ, ಮುಳುಗುವ ಹುಡುಗ

'ಚೋಮನ ದುಡಿ' ಓದಿದವರಿಗೆ, ಸಿನಿಮಾ ನೋಡಿದವರಿಗೆ ಚೋಮ ನೆನಪಿರುತ್ತಾನೆ. ಅವನ ದುಡಿ, ಅವನ ಎರಡು ಎತ್ತು, ಸ್ವಂತ ಬೇಸಾಯ ಮಾಡಬೇಕೆಂಬ ಅವನ ಹಟ ನೆನಪಿರುತ್ತದೆ. ಮಗಳು ಬೆಳ್ಳಿಯೂ ನೆನಪಿರುತ್ತಾಳೆ. ಆದರೆ 'ನೀಲ ಯಾರು?' ಎಂದು ಕೇಳಿದರೆ ತುಂಬಾ ಜನ ಸ್ವಲ್ಪ ಹೊತ್ತು ಯೋಚಿಸುತ್ತಾರೆ.

ನೀಲ ಚೋಮನ ಕಿರಿಯ ಮಗ. ಹೊಳೆಯಲ್ಲಿ ಮುಳುಗಿ ಸಾಯುವ ಹುಡುಗ.

ನನ್ನಂಥ ತಾಲ್ಲೂಕು ವರದಿಗಾರರು ಇಂಥ ಸುದ್ದಿಯನ್ನು ಆಗಾಗ ಬರೆಯುತ್ತಲೇ ಇರುತ್ತೇವೆ. 'ಈಜಲು ಹೋದ ಬಾಲಕ ನೀರುಪಾಲು'. ನಾಲ್ಕು ಸಾಲು, ಒಂದು ಫೋಟೊ, ಪ್ರಕರಣ ದಾಖಲಾದ ಠಾಣೆಯ ಹೆಸರು. ಅಲ್ಲಿಗೆ ಸುದ್ದಿ ಮುಗಿಯಿತು. ಶಿವರಾಮ ಕಾರಂತರು 1933ರಲ್ಲಿ ಬಂದ ಆ ಕಾದಂಬರಿಯಲ್ಲಿ ನಾವು ಬರೆಯದ ಐದನೆಯ ಸಾಲನ್ನು ಬರೆದರು. ನೀಲ ಮುಳುಗುವಾಗ ಹತ್ತಿರದಲ್ಲಿ ಜನ ಇದ್ದರು. ಕಂಡರು. ಕೈ ಹಿಡಿದು ಎತ್ತಿದರೆ ಮೈಲಿಗೆ. ಹುಡುಗ ಹೋದ.

ಹಳ್ಳಿ ಹುಡುಗರಿಗೆ ಹೊಳೆ ಎಂದರೆ ಈಜು, ಮೀನು, ಎಮ್ಮೆ ಮೈ ತೊಳೆಯುವುದು, ಶಾಲೆ ತಪ್ಪಿಸುವುದು. ಕಥೆಗಳಲ್ಲೂ ಹಾಗೇ ಬರುತ್ತದೆ. ಪರಿಸರ ಮಕ್ಕಳನ್ನು ಬೆಳೆಸುತ್ತದೆ ಎಂದು ಶಾಲೆಯಲ್ಲಿ ಪ್ರಬಂಧ ಬರೆಸುತ್ತಾರಲ್ಲ, ಅದರಲ್ಲಿ ಕಾಡು, ಹೊಳೆ, ಹೊಲ ಎಲ್ಲ ಎಲ್ಲರಿಗೂ ಒಂದೇ ಎನ್ನುವ ಹಾಗೆ ಇರುತ್ತದೆ. ನೀಲನ ಹೊಳೆ ಬೇರೆ. ನೀರು ಅದೇ, ಆಳವೂ ಅದೇ. ದಡದಲ್ಲಿ ನಿಂತವರು ಯಾರು, ಅವರಿಗೆ ಈ ಹುಡುಗ ಯಾರು ಎನ್ನುವುದರ ಮೇಲೆ ಅದು ಆಟದ ಜಾಗವೋ ಸಾವಿನ ಜಾಗವೋ ಎಂಬುದು ತೀರ್ಮಾನವಾಗುತ್ತದೆ.

ಕಾರಂತರು ಹುಟ್ಟಿದ್ದು 1902ರಲ್ಲಿ, ಕೋಟದಲ್ಲಿ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಭೂಮಿ ಧಣಿಗಳದ್ದು, ಅವರ ಕೆಳಗೆ ಗೇಣಿದಾರರು, ಎಲ್ಲರ ಕೆಳಗೆ ಚೋಮನಂಥ ಆಳುಗಳು. ಗದ್ದೆಯಲ್ಲಿ ಕೂಲಿ ಮಾಡಬಹುದು, ಗದ್ದೆಯನ್ನು ಗೇಣಿಗೆ ಹಿಡಿಯುವ ಹಾಗಿಲ್ಲ. ಕಾಡಿನಲ್ಲಿ ಸಿಕ್ಕ ಕರುಗಳನ್ನು ಸಾಕಿ ಎತ್ತು ಮಾಡಿಕೊಂಡರೂ ಚೋಮ ಆರಂಭಗಾರ ಆಗಲಾರ. ಧಣಿ ಸಂಕಪ್ಪಯ್ಯನ ಮನಸ್ಸು ಸ್ವಲ್ಪ ಮೆದುವಾದರೂ ಅವನ ತಾಯಿ ಒಪ್ಪುವುದಿಲ್ಲ. ಕಥೆಯಲ್ಲಿ ದುಷ್ಟ ಎಂದು ಬೆರಳು ಮಾಡಿ ತೋರಿಸಲು ಒಬ್ಬ ಮನುಷ್ಯ ಸಿಗುವುದಿಲ್ಲ. ರೂಢಿಯೇ ಬಾಗಿಲಿಗೆ ಅಡ್ಡ ನಿಂತಿದೆ.

ಇದೇ ಜಿಲ್ಲೆಯಲ್ಲಿ ಕಾದಂಬರಿ ಬರುವುದಕ್ಕೆ ನಾಲ್ಕು ದಶಕ ಮೊದಲೇ ಒಂದು ಬಾಗಿಲು ತೆರೆದಿತ್ತು. ಮಂಗಳೂರಿನ ವಕೀಲ ಕುದ್ಮುಲ್ ರಂಗರಾಯರು 1892ರಲ್ಲಿ ಚಿಲಿಂಬಿಯಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ಶುರುಮಾಡಿದರು. ಅವರ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ಕಲಿಸಲು ಮೇಷ್ಟ್ರುಗಳು ಸಿಗುವುದೇ ಕಷ್ಟವಾಗಿತ್ತು. ಓದಿ ಮೇಲೆ ಬಂದ ದಲಿತನೊಬ್ಬನ ಕಾರಿನ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬುದು ಅವರ ಆಸೆ. ಅವರು 1928ರಲ್ಲಿ ತೀರಿಕೊಂಡರು. ಅದಾಗಿ ಐದು ವರ್ಷಕ್ಕೆ ನೀಲ ಕನ್ನಡ ಕಾದಂಬರಿಯೊಳಗೆ ಬಂದ. ಚೋಮನ ಮಕ್ಕಳಿಗೆ ಆ ಬಾಗಿಲಿನ ಸುದ್ದಿಯೂ ತಲುಪಿರಲಿಲ್ಲ ಎನ್ನುವ ಹಾಗೆ ಕಾದಂಬರಿ ಇದೆ. ಅವರು ಹೋದದ್ದು ಘಟ್ಟದ ಮೇಲಿನ ಕಾಫಿ ತೋಟಕ್ಕೆ.

ಆ ತೋಟವನ್ನು ಸ್ವಲ್ಪ ಗಮನಿಸಿ. ಸಾಲ ತೀರಿಸಲು ಚೋಮ ತನ್ನ ದೊಡ್ಡ ಗಂಡುಮಕ್ಕಳಾದ ಚನಿಯ, ಗುರುವ ಇಬ್ಬರನ್ನೂ ಅಲ್ಲಿಗೆ ಕಳಿಸುತ್ತಾನೆ. ಚನಿಯ ಕಾಯಿಲೆ ಬಿದ್ದು ಸಾಯುತ್ತಾನೆ. ಗುರುವ ತೋಟದಲ್ಲೇ ಒಬ್ಬ ಕ್ರಿಶ್ಚಿಯನ್ ಹುಡುಗಿಯನ್ನು ಮೆಚ್ಚಿ, ಅವಳ ಮತಕ್ಕೆ ಸೇರಿ, ಅಪ್ಪನ ಕೈಬಿಟ್ಟು ಹೋಗುತ್ತಾನೆ. ಆಮೇಲೆ ಸಾಲಕ್ಕೆ ಬೆಳ್ಳಿ ಹೋಗಬೇಕು. ಸಾಲ ಅವಳ ಮೈಯಿಂದ ತೀರುತ್ತದೆ. ಒಂದೇ ಗುಡಿಸಲಿನಲ್ಲಿ ಹುಟ್ಟಿದ ಮಕ್ಕಳು ಒಂದೇ ತೋಟದಿಂದ ಮೂರು ದಾರಿ ಹಿಡಿಯುತ್ತಾರೆ. ಗುರುವನನ್ನು ಓದುಗರು ಸಾಮಾನ್ಯವಾಗಿ ಅಪ್ಪನನ್ನು ಮರೆತ ಮಗ ಎಂದು ಬೈಯುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಆ ಮನೆಯ ಮಕ್ಕಳಲ್ಲಿ ತನ್ನ ಹೆಸರು, ದೇವರು, ಹೆಂಡತಿ ಮೂರನ್ನೂ ತಾನೇ ಆರಿಸಿಕೊಂಡವನು ಅವನೊಬ್ಬನೇ. ಊರಿನಲ್ಲೇ ಇದ್ದಿದ್ದರೆ ಆ ಮೂರರಲ್ಲಿ ಒಂದನ್ನೂ ಆರಿಸುವಂತಿರಲಿಲ್ಲ.

ಈಗ ಇನ್ನಿಬ್ಬರು ಹುಡುಗರು. ಯು.ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ' ಕಥೆಯ ನಾಣಿ ಮಲೆನಾಡಿನ ಅಗ್ರಹಾರದಲ್ಲಿ ವೇದ ಕಲಿಯಲು ಬಂದ ಚಿಕ್ಕ ಹುಡುಗ. ಮನೆ ಬಿಟ್ಟು ಬಂದವನಿಗೆ ಗುರುಗಳ ವಿಧವೆ ಮಗಳು ಯಮುನಕ್ಕನೇ ತಾಯಿ. ಅವಳು ಬಸುರಾಗುತ್ತಾಳೆ, ಊರು ಅವಳ ಮೇಲೆ ಬೀಳುತ್ತದೆ, ಕೊನೆಗೆ ಹೆತ್ತ ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡುತ್ತಾನೆ. ಶ್ರೀಕೃಷ್ಣ ಆಲನಹಳ್ಳಿಯವರು ಹೆಗ್ಗಡದೇವನಕೋಟೆ ಸೀಮೆಯವರು. ಅವರ 'ಕಾಡು' 1972ರಲ್ಲಿ ಬಂತು. ಅದರ ಕಿಟ್ಟಿ ಪಕ್ಕದ ಊರಿನೊಂದಿಗೆ ದ್ವೇಷ ಹೊತ್ತಿಕೊಂಡ ಗೌಡರ ಮನೆಯಲ್ಲಿ ಬೆಳೆಯುವ ಹುಡುಗ. ದೊಡ್ಡವರ ಜಗಳ, ಹಾದರ, ಕೊಲೆ ಎಲ್ಲವೂ ಅವನ ಕಣ್ಣ ಮುಂದೆ ನಡೆಯುತ್ತವೆ. ಕಾಡಿನ ಹಕ್ಕಿಯ ಭಯವೂ ಮನುಷ್ಯರ ಭಯವೂ ಅವನ ತಲೆಯಲ್ಲಿ ಕಲಸಿಹೋಗುತ್ತವೆ.

ಎರಡೂ ಸಿನಿಮಾ ಆದವು. ಗಿರೀಶ ಕಾರ್ನಾಡರ 'ಕಾಡು' 1973ರಲ್ಲಿ, ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರಲ್ಲಿ. ಎರಡರಲ್ಲೂ ಹುಡುಗನ ಪಾತ್ರ ಮಾಡಿದ ಮಕ್ಕಳಿಗೆ ರಾಷ್ಟ್ರಪ್ರಶಸ್ತಿ ಬಂತು. ಅದು ನ್ಯಾಯವೇ. ಏಕೆಂದರೆ ಇಡೀ ಕಥೆಯನ್ನು ನಾವು ಕಾಣುವುದು ಆ ಮಕ್ಕಳ ಕಣ್ಣಿನಿಂದ. ನಾಣಿಗೂ ಕಿಟ್ಟಿಗೂ ತುಂಬಾ ನೋವಾಗುತ್ತದೆ, ಭಯವಾಗುತ್ತದೆ. ಆದರೂ ಇಬ್ಬರೂ ಒಳಮನೆಯ ಮಕ್ಕಳು. ಬಾಗಿಲ ಸಂದಿಯಿಂದ ಇಣುಕಬಹುದು, ಜಗಲಿಯಲ್ಲಿ ಮಲಗಿ ದೊಡ್ಡವರ ಪಿಸುಮಾತು ಕೇಳಬಹುದು. ನೋಡುವುದಕ್ಕೆ ಅವರಿಗೊಂದು ಜಾಗ ಇದೆ. ನೋಡಿದ್ದರಿಂದಲೇ ಅವರು ಬದಲಾಗುತ್ತಾರೆ, ಬೆಳೆಯುತ್ತಾರೆ.

ನೀಲನಿಗೆ ಆ ಜಾಗ ಇರಲಿಲ್ಲ. ದಡದ ಮೇಲಿನವರು ನೋಡುತ್ತಾರೆ, ಅವನು ಕಾಣಿಸಿಕೊಳ್ಳುತ್ತಾನೆ ಅಷ್ಟೆ. ಮುಳುಗುವಾಗ ನೀರಿನಿಂದ ತಲೆ ಎತ್ತಿದವನಿಗೆ ಆ ಮುಖಗಳು ಹೇಗೆ ಕಂಡಿರಬಹುದು? ಕಾರಂತರನ್ನು ದೂರಲು ಇದನ್ನು ಹೇಳುತ್ತಿಲ್ಲ. ಆ ಕಾಲದಲ್ಲಿ ಅವರು ಬರೆದದ್ದೇ ದೊಡ್ಡದು. ಆದರೆ ಆ ಪ್ರಶ್ನೆಗೆ ಉತ್ತರ ಬರೆಯಬೇಕಾದವರು ಕೇರಿಯಿಂದಲೇ ಬರಬೇಕಿತ್ತು. ಅದಕ್ಕೆ ಅವರು ಮೊದಲು ಶಾಲೆಯಲ್ಲಿ ಕೂರಬೇಕಿತ್ತು.

ಕಾದಂಬರಿ ಬಂದ ನಾಲ್ಕು ದಶಕದ ಮೇಲೆ, 1975ರಲ್ಲಿ ಬಿ.ವಿ. ಕಾರಂತರು 'ಚೋಮನ ದುಡಿ'ಯನ್ನು ಸಿನಿಮಾ ಮಾಡಿದರು. ಸ್ವರ್ಣಕಮಲ ಬಂತು. ಚೋಮನಾಗಿ ವಾಸುದೇವರಾಯರು ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ಅದಕ್ಕೆ ಒಂದು ವರ್ಷ ಹಿಂದೆ, ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿತ್ತು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಫಾರಂ ನಂಬರ್ 7 ಎಂದರೆ ಅವರಿಗೆ ಈಗಲೂ ಕಣ್ಣು ಅರಳುತ್ತದೆ. ಉಳುವವನೇ ಹೊಲದೊಡೆಯ. ಕರಾವಳಿಯಲ್ಲಿ ಎಷ್ಟೋ ಗೇಣಿದಾರರ ಮಕ್ಕಳು ಓದಿ ಬ್ಯಾಂಕು, ಬೊಂಬಾಯಿ ಸೇರಲು ಅದೇ ಬಲವಾಯಿತು. ಆದರೆ ಚೋಮ ಬದುಕಿದ್ದರೂ ಗೇಣಿದಾರನೆಂದು ಆ ಫಾರಂ ತುಂಬುವಂತಿರಲಿಲ್ಲ. ಗೇಣಿ ಮಾಡಲೂ ಅವನನ್ನು ಬಿಟ್ಟಿರಲಿಲ್ಲವಲ್ಲ. ಗೇಣಿಚೀಟಿ ಇಲ್ಲದ ಕೂಲಿಯವನಿಗೆ ಕಾನೂನಿನಲ್ಲಿ ಸಿಗುತ್ತಿದ್ದದ್ದು ಗುಡಿಸಲಿನ ಅಡಿಜಾಗ. ಕೇರಿಯ ಮಕ್ಕಳ ದಾರಿ ಹೊಲದ ಕಡೆಯಿಂದ ತೆರೆಯುವುದು ಕಷ್ಟವಿತ್ತು. ಅದು ತೆರೆದದ್ದು ಶಾಲೆ ಮತ್ತು ಸರ್ಕಾರಿ ಹಾಸ್ಟೆಲಿನ ಕಡೆಯಿಂದ.

ಹಾಗೆ ಓದಿ ಬಂದ ಮೊದಲ ತಲೆಮಾರಿನವರಲ್ಲಿ ಒಬ್ಬರು ನಂಜನಗೂಡು ತಾಲ್ಲೂಕಿನ ದೇವನೂರಿನ ದೇವನೂರ ಮಹಾದೇವ. 1948ರಲ್ಲಿ ಹುಟ್ಟಿದವರು. ಅವರ ಆರಂಭದ ಕಥೆಗಳಲ್ಲಿ ಒಂದು 'ಅಮಾಸ'. ಅಪ್ಪ ಅಮ್ಮ ಇಲ್ಲದ ಹುಡುಗ, ಕುರಿಯಯ್ಯ ಎಂಬ ಮುದುಕನ ಜೊತೆ ಮಾರಿಗುಡಿಯಲ್ಲಿ ಬೆಳೆಯುತ್ತಾನೆ. ಹೆಸರೇ ಅಮಾವಾಸ್ಯೆಯದ್ದು. ಊರಿಗೆ ಅವನು ಲೆಕ್ಕಕ್ಕಿಲ್ಲ. ಮಾರಿಹಬ್ಬ ಬರುತ್ತದೆ. ಹುಲಿವೇಷದವರು ಕುಣಿಯುತ್ತಾರೆ. ಅವರ ಮಧ್ಯೆ ಒಂದು ಮರಿಹುಲಿ ನುಗ್ಗಿ ಕುಣಿಯುತ್ತದೆ. ಇಡೀ ಊರು ಬೆರಗಾಗಿ ನಿಲ್ಲುತ್ತದೆ. ಯಾರಿದು ಎಂದು ನೋಡಿದರೆ ನಮ್ಮ ಅಮಾಸ.

ಇಲ್ಲೂ ಊರು ಹುಡುಗನನ್ನು ನೋಡುತ್ತಿದೆ. ನೀಲನನ್ನು ನೋಡಿದ ಹಾಗೆಯೇ, ಸುತ್ತ ನಿಂತು. ಆದರೆ ಈ ಸಲ ಹುಡುಗ ತನ್ನ ಮೈಯನ್ನು ತಾನೇ ತೋರಿಸುತ್ತಿದ್ದಾನೆ. ಬಣ್ಣದ ಕೆಳಗೆ ಯಾವ ಜಾತಿ ಇದೆ ಎಂದು ಆ ಹೊತ್ತಿಗೆ ಯಾರೂ ಕೇಳುವುದಿಲ್ಲ. ಹಬ್ಬ ಮುಗಿದ ಮರುದಿನ ಕೇಳುತ್ತಾರೆ, ಅದು ಬೇರೆ ಮಾತು. ಅದೇ ಮಾರಿಗುಡಿ, ಅದೇ ಕೇರಿ, ಅದೇ ಬಡತನ. ನೂರು ಕಡೆಯಿಂದ ಕುಗ್ಗಿಸುವ ಪರಿಸರದೊಳಗೇ ಕುಣಿಯಲು ಒಂದು ಅಂಗಳ ಇತ್ತು ಎಂಬುದನ್ನು ಹೊರಗಿನಿಂದ ಬರೆಯುವವರು ಅಷ್ಟು ಸಲೀಸಾಗಿ ಕಾಣಲಾರರು. ಕೇರಿ ಎಂದರೆ ಬರೀ ಗೋಳು ಎಂದೇ ಅವರ ಲೆಕ್ಕ. ಹಬ್ಬದ ದಿನ ವರದಿಗೆ ಹೋಗುವ ನಾವೂ ಹೆಚ್ಚಾಗಿ ರಥದ ಫೋಟೊ ತೆಗೆದು ಬಂದುಬಿಡುತ್ತೇವೆ.

ಇನ್ನೊಬ್ಬರು ಸಿದ್ಧಲಿಂಗಯ್ಯ. ಹುಟ್ಟಿದ್ದು 1954ರಲ್ಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಅವರ 'ಹೊಲೆಮಾದಿಗರ ಹಾಡು' ಬಂದದ್ದು ಚೋಮನ ಸಿನಿಮಾ ಬಂದ 1975ರಲ್ಲೇ. ನಾನು ಹೇಳಹೊರಟಿರುವುದು ಅವರ ಆತ್ಮಕಥೆ 'ಊರುಕೇರಿ'ಯ ವಿಷಯ. ಅದು ಕಟ್ಟುಕಥೆ ಅಲ್ಲ, ನಿಜವಾದ ಬಾಲ್ಯ. ಅದರ ಶುರುವಿನಲ್ಲೇ ಒಂದು ದೃಶ್ಯ ಬರುತ್ತದೆ. ಹೊಲದಲ್ಲಿ ನೇಗಿಲು ನಡೆಯುತ್ತಿದೆ. ನೊಗಕ್ಕೆ ಹೆಗಲು ಕೊಟ್ಟಿರುವವರು ಎತ್ತುಗಳಲ್ಲ, ಇಬ್ಬರು ಮನುಷ್ಯರು. ಹಿಂದೆ ಒಬ್ಬ ಉಳುತ್ತಿದ್ದಾನೆ. ಹುಡುಗ ದೂರದಿಂದ ನೋಡುತ್ತಿದ್ದಾನೆ. ನೊಗ ಹೊತ್ತ ಇಬ್ಬರಲ್ಲಿ ಒಬ್ಬ ಅವನ ಅಪ್ಪ.

ಚೋಮ ನೇಗಿಲು ಹಿಡಿಯಬೇಕೆಂದು ಜೀವಮಾನವಿಡೀ ಕಾದ. ಇಲ್ಲಿ ಅಪ್ಪನ ಹೆಗಲಿಗೇ ನೊಗ ಬಂದಿದೆ. ಈ ಎರಡನ್ನೂ ಒಟ್ಟಿಗೆ ಓದಿದ ದಿನ ನನಗೆ ರಾತ್ರಿ ಊಟ ಸೇರಲಿಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಈ ಸಲ ನೋಡುತ್ತಿರುವವನು ಕೇರಿಯ ಹುಡುಗ. ಮುಂದೆ ಆ ಹುಡುಗ ಬೆಂಗಳೂರಿಗೆ ಬರುತ್ತಾನೆ, ಹಾಸ್ಟೆಲಿಗೆ ಸೇರುತ್ತಾನೆ, ಓದುತ್ತಾನೆ, ಭಾಷಣ ಮಾಡುತ್ತಾನೆ, ಕವಿಯಾಗುತ್ತಾನೆ. ನೀಲನಿಗಿಂತ ಅವನು ಹೆಚ್ಚು ಗಟ್ಟಿಗ ಎಂದೇನೂ ಅಲ್ಲ. ಇವನಿಗೆ ಮಲಗಲು ಒಂದು ಹಾಸ್ಟೆಲು, ಓದಲು ಪುಸ್ತಕ, ಜೊತೆಗೆ ತನ್ನಂಥವರೇ ಆದ ಹುಡುಗರು ಸಿಕ್ಕರು. ಇಂದಿಗೂ ಹಾಸ್ಟೆಲಿನ ಅನ್ನದಲ್ಲಿ ಹುಳ, ಬಾಗಿಲಿಲ್ಲದ ಶೌಚಾಲಯ ಎಂದು ನಾವು ಸುದ್ದಿ ಮಾಡುತ್ತಲೇ ಇರುತ್ತೇವೆ. ಮಾಡಲೇಬೇಕು. ಆ ಹಾಸ್ಟೆಲುಗಳು ಇಲ್ಲದಿದ್ದರೆ ಕನ್ನಡ ಸಾಹಿತ್ಯದ ಅರ್ಧ ಶತಮಾನ ಹೇಗಿರುತ್ತಿತ್ತು ಎಂಬುದನ್ನೂ ಯಾರಾದರೂ ಕೂತು ಬರೆಯಬೇಕು.

ಬೆಳ್ಳಿಯನ್ನು ಬಿಟ್ಟು ಮುಂದೆ ಬಂದೆ ಎಂದು ಅಕ್ಕಂದಿರು ಕೇಳಬಹುದು. ಇಲ್ಲಿ ಹೇಳಿದ ನೋಡುವ ಮಕ್ಕಳೆಲ್ಲ ಗಂಡುಹುಡುಗರೇ. ತೋಟಕ್ಕೆ ಹೋಗಿ ಬಂದವಳು ಬೆಳ್ಳಿ, ಅಣ್ಣನ ಸಾವು ತಮ್ಮನ ಸಾವು ಎರಡನ್ನೂ ಕಂಡವಳು ಬೆಳ್ಳಿ, ಕುಡಿದು ಬಂದ ಅಪ್ಪನಿಗೆ ಗಂಜಿ ಕಾಯಿಸಿಟ್ಟವಳೂ ಬೆಳ್ಳಿ. ಆ ಮನೆಯ ಕಥೆ ಪೂರ್ತಿ ಗೊತ್ತಿದ್ದದ್ದು ಅವಳಿಗೆ. ಕಾದಂಬರಿ ಮಾತ್ರ ಚೋಮನ ಹಿಂದೆ ಹೋಗುತ್ತದೆ. ಅವಳ ಬಾಯಲ್ಲೇ ಆ ಕಥೆ ಕೇಳಬೇಕೆಂದು ನನಗೆ ಬಹಳ ಆಸೆ. ನಮ್ಮ ಕಡೆಯ ಹಾಸ್ಟೆಲುಗಳಲ್ಲಿ ಈಗ ಓದುತ್ತಿರುವ ಹುಡುಗಿಯರಲ್ಲಿ ಯಾರಾದರೂ ಬರೆದರೆ ಇಲ್ಲಿಗೇ ಕಳಿಸಲಿ, ಹಾಕೋಣ.

'ಊರುಕೇರಿ' ತೆಳ್ಳನೆಯ ಪುಸ್ತಕ. ನೊಗದ ಆ ದೃಶ್ಯ ಕೇಳಿ ಹೆದರಬೇಡಿ, ಓದುತ್ತಾ ಹೋದರೆ ಪುಟಪುಟಕ್ಕೂ ನಗು ಬರುತ್ತದೆ. ಹಸಿದ ಹಾಸ್ಟೆಲ್ ಹುಡುಗರ ಕಿತಾಪತಿಗಳನ್ನು ಅವರು ಅಷ್ಟು ಚೆನ್ನಾಗಿ ಬರೆದಿದ್ದಾರೆ. ಪಂಚಾಯಿತಿ ಗ್ರಂಥಾಲಯದಲ್ಲಿ ಕೇಳಿ ನೋಡಿ. ಇಲ್ಲ ಎಂದರೆ ತರಿಸಲು ಹೇಳಿ.